ಕುಸುಬಿ ಎಣ್ಣೆ ಕುಡಿದ ಗಾಲಿಗಳು

೧೯೫೮ರ ಜೂನ್ ತಿಂಗಳ ಮೊದಲ ವಾರ, ಬೆಳಗಿನ ಆರು ಗಂಟೆ. ಸ್ಥಳ, ಇಂಡಿಯಲ್ಲಿ ನಮ್ಮ ಮನೆಯ ಅಂಗಳ. ಹಾಜರಿದ್ದವರು ನಾನು, ನನ್ನ ಅಕ್ಕ, ಮತ್ತು ಅಜ್ಜನ ಕಾಲದಿಂದ ನಮ್ಮ ಮನೆಯ ಚಕ್ಕಡಿ ಹೊಡೆಯುತ್ತ ಬಂದ ಹಿರಿಯ. ಅವನನ್ನು ಮನೆಮಂದಿಯೆಲ್ಲ ಮುತ್ಯಾ, ಅಂದರೆ ಅಜ್ಜ, ಎಂದೇ ಕರೆಯುತ್ತಿದ್ದೆವು. ಅಕ್ಕನ ಪುಟ್ಟ ಮಗಳನ್ನು ಸೊಂಟದ ಮೇಲೆ ಕೂಡ್ರಿಸಿಕೊಂಡು ಅವ್ವ ಹೊಸ್ತಿಲಲ್ಲಿ ನಿಂತಿದ್ದಳು.

ಅಕ್ಕನ ಗಂಡ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ತಂದೆಯವರು ಬಂಧುಗಳ ಮಾತಿಗೆ ಕಿವಿಗೊಡದೆ ಅವಳನ್ನು ಮತ್ತೆ ಓದಿಸಿ, ಶಿಕ್ಷಕಿಯ ತರಬೇತಿ ಕೊಡಿಸಿದ್ದರು. ಮುದ್ದೇಬಿಹಾಳದ ಹುಡುಗಿಯರ ಶಾಲೆಯಲ್ಲಿ ಅವಳಿಗೆ ನೌಕರಿ ಸಿಕ್ಕಿತ್ತು. ಆದರೆ ಆದೇಶ ಎಲ್ಲೆಲ್ಲೋ ತಿರುಗಿ ಹಿಂದಿನ ಸಂಜೆಯಷ್ಟೇ ಮನೆ ಮುಟ್ಟಿತ್ತು. ಈ ದಿನ ಸಂಜೆ ಐದರೊಳಗೆ ಹಾಜರಾಗದಿದ್ದರೆ ಆ ಜಾಗ ಮುಂದಿನವರಿಗೆ ಹೋಗುತ್ತದೆ ಎಂದು ಅದರಲ್ಲಿ ಸ್ಪಷ್ಟವಾಗಿತ್ತು. ಬಸ್ಸು ಬದಲಿಸುತ್ತ ಹೋದರೆ ಮರುದಿನವೇ ಗತಿ. ತಂದೆಯವರು ವಿಜಾಪುರದ ಕೋರ್ಟಿಗೆ ಹೋಗಿದ್ದರು. ಅವರ ಹಳೆಯ ಮೋಟಾರು ಮನೆಯಲ್ಲಿತ್ತು. ನಾನು ಸೈನ್ಯದ ಸಾರಿಗೆ ದಳದಲ್ಲಿ ಕೆಲಸ ಮುಗಿಸಿ ಊರಿಗೆ ಬಂದು ಕೆಲವೇ ವಾರಗಳಾಗಿದ್ದವು. ಆದ್ದರಿಂದ ಸಾರಥ್ಯ ನನ್ನದಾಯಿತು.

ಸೈನ್ಯದಲ್ಲಿ ನಮಗೆ ಗಾಡಿ ಕಲಿಸಿದ ಹವಾಲ್ದಾರರು ಸಿಡುಕಿನ ಮನುಷ್ಯ. ಗಾಡಿಗೆ ಒಂದು ಸುತ್ತು ಹಾಕದವನಿಗೆ ಬೆಳಗಿನ ಚಹಾ ಸಿಗುತ್ತಿರಲಿಲ್ಲ. ಮುಂದಿನ ಎಡಗಾಲಿಯಿಂದ ಶುರುಮಾಡಿ ಅಲ್ಲಿಗೇ ಬಂದು ಮುಟ್ಟಬೇಕು. ಪ್ರತಿ ಗಾಲಿಗೂ ಸಣ್ಣ ಸುತ್ತಿಗೆಯಿಂದ ಒಂದು ಪೆಟ್ಟು. ಗಾಳಿ ಸರಿಯಿದ್ದರೆ ಗಟ್ಟಿ ಮಡಕೆಯಂತೆ ನಾದ ಬರುತ್ತದೆ, ಕಡಿಮೆಯಿದ್ದರೆ ಹಾಸಿಗೆ ಬಡಿದಂತೆ. ನಂತರ ಗಾಳಿಮಾಪಕ ಹಚ್ಚಿ ಖಾತ್ರಿ ಮಾಡಿಕೊಳ್ಳಬೇಕು. ಗಾಳಿಯನ್ನು ಅಳೆಯುವುದು ಗಾಡಿ ಹೊರಡುವ ಮೊದಲೇ, ಟೈರು ತಣ್ಣಗಿರುವಾಗಲೇ. ಟೈರಿನ ಸಂದುಗಳಲ್ಲಿ ಸಿಕ್ಕಿದ ಕಲ್ಲುಹರಳು ಕಿತ್ತು ತೆಗೆಯಬೇಕು. ಟೈರು ಒಂದೇ ಮಗ್ಗುಲಲ್ಲಿ ಸವೆದಿದೆಯೇ ನೋಡಬೇಕು. ಸವೆದಿದ್ದರೆ ಗಾಲಿ ಸೊಟ್ಟಗೆ ಕೂತಿದೆ ಎಂದು ಅರ್ಥ. ಕೊನೆಗೆ ಸ್ಟೆಪ್ನಿ, ಅಂದರೆ ಹೆಚ್ಚಿನ ಗಾಲಿ. ಅದನ್ನು ನೋಡುವುದನ್ನೇ ಜನ ಮರೆಯುತ್ತಾರೆ, ಕೈಕೊಡುವುದೂ ಅದೇ. ಆ ಹವಾಲ್ದಾರರನ್ನು ಅಂದು ಎಷ್ಟು ಬೈದುಕೊಂಡಿದ್ದೆನೋ, ಇಂದು ಅಷ್ಟೇ ನೆನೆಯುತ್ತೇನೆ. ಈ ವಯಸ್ಸಿನಲ್ಲೂ ಆ ಸುತ್ತು ಹಾಕದೆ ನನಗೆ ಚಹಾ ಇಳಿಯುವುದಿಲ್ಲ.

ಅಂದು ಸುತ್ತು ಹಾಕಲು ಹೊರಟವನು ಮೊದಲ ಗಾಲಿಗೇ ನಿಂತುಬಿಟ್ಟೆ. ನಾಲ್ಕೂ ಗಾಲಿಗಳು ಕರ್ರಗೆ ಮಿರಿಮಿರಿ ಮಿಂಚುತ್ತಿದ್ದವು. ಮುಟ್ಟಿದರೆ ಕೈಗೆ ಜಿಡ್ಡು ಹತ್ತಿತು.

"ನೋಡ್ರಿ ಸಣ್ಣ ರಾಯರ, ಹೆಂಗ ಮಿಂಚಾಕತ್ತಾವು! ಎಮ್ಮಿ ಮೈ ತೊಳದಂಗ," ಎಂದ ಮುತ್ಯಾ. "ನಿನ್ನೆ ದೀಪಾ ಹಚ್ಚೂ ಹೊತ್ತಿಗೆ ಕುಂತು ಕುಸುಬಿ ಎಣ್ಣಿ ಕುಡಿಸೇನಿ. ದೂರದ ದಾರಿ ಅಲ್ಲೇನ್ರಿ?"

ನಮ್ಮ ಭಾಗದಲ್ಲಿ ಬಿಸಿಲು ಏರಿತೆಂದರೆ ತೊಗಲಿನ ಸಾಮಾನಿಗೆಲ್ಲ ಕುಸುಬಿ ಎಣ್ಣೆ ಕುಡಿಸುವುದು ರೂಢಿ. ಎತ್ತಿನ ಕೊರಳಪಟ್ಟಿ, ಬಾರಕೋಲು, ಬಾವಿಯ ನೀರೆತ್ತುವ ತೊಗಲಿನ ಚೀಲ, ಚಪ್ಪಲಿ, ಯಾವುದನ್ನೂ ಬಿಡುವುದಿಲ್ಲ. ಎಣ್ಣೆ ಕಾಣದ ತೊಗಲು ಎರೆಹೊಲದಂತೆ ಬಿರಿಯುತ್ತದೆ. ಮುತ್ಯಾನ ಲೆಕ್ಕದಲ್ಲಿ ಟೈರೂ ಆ ಸಾಲಿಗೇ ಸೇರಿತ್ತು.

"ಮುತ್ಯಾ, ಇದು ರಬ್ಬರ. ತೊಗಲಲ್ಲ. ರಬ್ಬರಕ್ಕ ಎಣ್ಣಿ ಅಂದ್ರ ವಿಷ. ಮೆತ್ತಗಾಗಿ ಉಬ್ಬತದ, ಕೊಳೀತದ."

"ತೊಗಲಿನಂಗ ನಾರತೈತಿ, ತೊಗಲಿನಂಗ ಬಿರಿತೈತಿ. ತೊಗಲಲ್ಲಂದ್ರ ಮತ್ತೇನ್ರಿ? ಇದು ಪ್ಯಾಟಿ ತೊಗಲು."

ಅಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ನಾನು ನಗಲಿಲ್ಲ. ಸಾಬೂನು ನೀರು ತರಿಸಿ, ಕತ್ತದ ಸಿಂಬಿಯಿಂದ ನಾಲ್ಕೂ ಗಾಲಿ ತಿಕ್ಕಿ ತೊಳೆದೆ. ಟೈರಿಗೆ ಬೇಕಾದ ಉಪಚಾರ ಅಷ್ಟೇ: ನೀರು, ಸಾಬೂನು, ನಿಲ್ಲಿಸಿದಾಗ ನೆರಳು. ನಾನು ತೊಳೆಯುತ್ತಿದ್ದಾಗ ಮುತ್ಯಾ ಮುಖ ಸಣ್ಣದು ಮಾಡಿಕೊಂಡು ಒಳಗೆ ಹೋದ. ಗೋಡೆಯ ಗೂಟಕ್ಕೆ ನೇತುಹಾಕಿದ್ದ ಹೆಚ್ಚಿನ ಟ್ಯೂಬನ್ನು ಚೀಲದೊಳಗೆ ಸುತ್ತಿ ತಂದು ಡಿಕ್ಕಿಯಲ್ಲಿಟ್ಟ. ಅಕ್ಕನ ಟ್ರಂಕು, ಪಂಪು, ಜಾಕ್, ತೇಪೆಯ ಡಬ್ಬಿ ಎಲ್ಲ ಏರಿದವು. ಟ್ರಂಕು ಹೊರುವ ನೆಪದಲ್ಲಿ ಮುತ್ಯಾನೂ ಏರಿದ. ಆರೂವರೆಗೆ ಹೊರಟೆವು.

ಸಿಂದಗಿಯವರೆಗೆ ದಾರಿ ಚೆನ್ನಾಗಿ ಸಾಗಿತು. ಚೆನ್ನಾಗಿ ಎಂದರೆ ಆ ಕಾಲದ ಚೆನ್ನಾಗಿ: ಜಲ್ಲಿ, ಧೂಳು, ನಡುನಡುವೆ ಚಕ್ಕಡಿಯ ಗಾಲಿ ಕೊರೆದ ಹಳಿ. ಆ ಹಳಿಗೆ ಗಾಲಿ ಇಳಿಸಿ ಓಡಿಸಬಾರದು. ಟೈರಿನ ಮಗ್ಗುಲು ಅಂಚಿಗೆ ಉಜ್ಜಿ ಸವೆಯುತ್ತದೆ. ಸಿಂದಗಿ ದಾಟಿದ ಮೇಲೆ ತೊಂದರೆ ಶುರುವಾಯಿತು. ಬಿತ್ತಿಗೆಗೆ ಮೊದಲು ಹೊಲಕ್ಕೆ ಬೇಲಿ ಹಾಕುವ ದಿನಗಳವು. ಜಾಲಿಮುಳ್ಳು ಹೇರಿದ ಚಕ್ಕಡಿಗಳು ದಾರಿಯುದ್ದಕ್ಕೂ ಮುಳ್ಳು ಉದುರಿಸಿಕೊಂಡು ಹೋಗಿದ್ದವು. ಸ್ವಲ್ಪ ಹೊತ್ತಿಗೆ ಗಾಡಿ ಹಿಂದಿನ ಎಡಕ್ಕೆ ಕುಂಟತೊಡಗಿತು.

ಗಾಳಿ ಹೋದ ಗಾಲಿಯ ಮೇಲೆ "ಇನ್ನೊಂದಿಷ್ಟು ದೂರ" ಎಂದು ಓಡಿಸುವ ಆಸೆ ಯಾರಿಗೂ ಬರುತ್ತದೆ. ಹಾಗೆ ಮಾಡಿದರೆ ಹೋಗುವುದು ಟ್ಯೂಬೊಂದೇ ಅಲ್ಲ, ಟೈರೂ ಹರಿಯುತ್ತದೆ. ಸಮತಟ್ಟಾದ ಗಟ್ಟಿ ನೆಲ ನೋಡಿ ನಿಲ್ಲಿಸಿ ಬ್ರೇಕು ಬಿಗಿದೆ. ಮುತ್ಯಾ, ಹೇಳುವ ಮೊದಲೇ, ಉಳಿದ ಗಾಲಿಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟ. ಚಕ್ಕಡಿಯವನಿಗೆ ಅದನ್ನು ಯಾರು ಕಲಿಸಬೇಕು? ಗಾಲಿ ನೆಲದ ಮೇಲಿರುವಾಗಲೇ ನಟ್ಟು ಸಡಿಲಿಸಿದೆ. ಜಾಕ್ ಏರಿಸಿದ ಮೇಲೆ ಪಾನಾ ಹಾಕಿದರೆ ಗಾಲಿಯೇ ತಿರುಗುತ್ತದೆ, ಗಾಡಿಯೂ ಜಾರಬಹುದು. ಸ್ಟೆಪ್ನಿ ಕೂಡಿಸಿ, ನಟ್ಟುಗಳನ್ನು ಒಂದರ ಎದುರಿನದು ಇನ್ನೊಂದು ಎಂಬಂತೆ ಬಿಗಿದೆ. ಮುಳ್ಳು ಚುಚ್ಚಿದ ಗಾಲಿಗೆ ದೇವರ ಹಿಪ್ಪರಗಿಯಲ್ಲಿ ತೇಪೆ ಹಾಕಿಯೇ ಮುಂದೆ ಹೋಗುವುದೆಂದು ನಿರ್ಧರಿಸಿದೆ.

ದೇವರ ಹಿಪ್ಪರಗಿ ಮುಟ್ಟಿದಾಗ ಹನ್ನೊಂದು ಹೊಡೆದಿತ್ತು. ಅಂದು ಅಲ್ಲಿ ಸಂತೆ. ಜನರ ನಡುವೆ ಹಾರ್ನು ಒತ್ತುತ್ತ ಒಂದು ಬೇವಿನ ಮರದ ಹತ್ತಿರ ಬಂದೆವು. ಅಲ್ಲಿ ಒಬ್ಬ ನಾಲಬಂದ ಎತ್ತನ್ನು ನೆಲಕ್ಕೆ ಕೆಡವಿ, ಕಾಲು ಕಟ್ಟಿ, ಗೊರಸಿಗೆ ನಾಲು ಬಡಿಯುತ್ತಿದ್ದ. ಸರಿಯಾಗಿ ಅವನ ಮುಂದೆಯೇ ನಮ್ಮ ಮುಂದಿನ ಬಲಗಾಲಿ ಹಾವಿನಂತೆ ಬುಸ್ಸೆಂದು ಕೂತುಬಿಟ್ಟಿತು.

ಮುತ್ಯಾ ಇಳಿದು, ಬಗ್ಗಿ, ಟೈರಿನಲ್ಲಿ ನೆಟ್ಟಿದ್ದ ಮೊಳೆಯನ್ನು ತೋರಿಸಿದ. "ಏನಪಾ ನಾಲಬಂದ, ಇದು ಯಾರದು?"

ನಾಲಬಂದ ಗೊರಸು ಬಿಡದೆ ಓರೆಯಾಗಿ ನೋಡಿದ. "ತಲಿ ಚಪ್ಪಟಿ ಐತಿ, ಕುತ್ತಿಗಿ ಸಣ್ಣ ಐತಿ. ನಂದ ಐತ್ರಿ. ಆದರ ನಾ ಎತ್ತಿಗೆ ಬಡದಿದ್ದೆ, ಮೋಟಾರಕ್ಕ ಯಾವಾಗ ಬಡದೆ?"

"ಬಿದ್ದ ಮೊಳಿ ಆರಿಸಿ ಇಟ್ಟುಕೋಬಾರದೇನು?"

"ಮೋಟಾರು ಇಲ್ಲಿ ಮದಿವಿಗೊಂದು ಬರತೈತಿ, ಎಲೆಕ್ಷನ್ನಿಗೊಂದು ಬರತೈತಿ. ನೀವು ಬರೂದು ಗೊತ್ತಿದ್ರ ಕಸಬರಿಗಿ ಹಿಡಕೊಂಡು ನಿಂದರತಿದ್ದೆ, ಅಜ್ಜಾರ!"

ಸುತ್ತಲಿನವರು ಗೊಳ್ಳೆಂದರು. ಅಕ್ಕ ಮಾತ್ರ ಕೆಳಗಿಳಿದು ನೇರವಾಗಿ ಅವನನ್ನು ಕೇಳಿದಳು: "ಮುದ್ದೇಬಿಹಾಳಕ್ಕ ಹೋಗಬೇಕು, ಬಾಗೇವಾಡಿ ಕಡೆ ಬಸ್ಸು ಎಷ್ಟೊತ್ತಿಗದರಿ?"

"ಹೋತಲ್ರಿ ಅಕ್ಕೋರ, ಈಗಷ್ಟ. ಮುಂದಿಂದು ಸಂಜೀಕ." ಅವಳ ಮುಖ ನೋಡಿ ಅವನ ನಗೆ ಇಳಿಯಿತು. "ಯಾಕ್ರಿ, ಏನರ ಅವಸರ ಐತೇನು?"

ಅಕ್ಕ ಎರಡೇ ಮಾತಿನಲ್ಲಿ ಹೇಳಿದಳು. ಅವನು ಕೈಯಲ್ಲಿದ್ದ ಗೊರಸನ್ನು ಮುಗಿಸಿ, ಎತ್ತಿನ ಹಗ್ಗ ಬಿಚ್ಚಿ, ಸರದಿಯಲ್ಲಿ ಕಾದಿದ್ದ ಇನ್ನೊಬ್ಬ ರೈತನಿಗೆ ಹೇಳಿದ: "ಕಾಕಾ, ನಿನ್ನ ಎತ್ತು ಒಂದೀಟು ಮೇಯಲಿ. ನನ್ನ ಮೊಳಿಯಿಂದ ಇವರ ನೌಕರಿ ಹೋಗಬಾರದು."

ಎರಡು ಗಾಲಿ ಕೆಟ್ಟಿದ್ದರೂ ನನಗೆ ಗಾಬರಿಯಿರಲಿಲ್ಲ. ಹೆಚ್ಚಿನ ಟ್ಯೂಬು ಇತ್ತಲ್ಲ. ತುರುಕಿ ಗಾಳಿ ಹೊಡೆದರೆ ಮುಗಿಯಿತು. ಟೈರನ್ನು ಬಿಚ್ಚಿ, ಚೀಲ ತರಿಸಿ, ಕೈ ಹಾಕಿದೆ. ಬೆಣ್ಣೆಯಲ್ಲಿ ಕೈ ಹಾಕಿದಂತಾಯಿತು. ಟ್ಯೂಬು ಉಬ್ಬಿ, ಮೆತ್ತಗಾಗಿ, ಅಂಟಂಟಾಗಿತ್ತು. ಅದಕ್ಕೆ ಹಿಂದೆ ಯಾರೋ ಹಾಕಿದ್ದ ತೇಪೆ ಹಪ್ಪಳದಂತೆ ನನ್ನ ಬೆರಳಿಗೇ ಎದ್ದು ಬಂತು.

ನಾನು ಮುತ್ಯಾನ ಮುಖ ನೋಡಿದೆ. ಅವನು ನೆಲ ನೋಡಿದ.

"ಗೂಟಕ್ಕ ಒಣಗಾಕತ್ತಿತ್ರಿ. ಬ್ಯಾಸಗಿ ಹೊಕ್ಕಾಗಿಂದ ಆಗಾಗ ಎಣ್ಣಿ ಕೈ ಆಡಸ್ತಿದ್ದೆ. ಬೆಳಿಗ್ಗಿ ನೀವು ಬೈದ್ರಿ, ಅದಕ್ಕ ಇದನ್ನ ಹೇಳಾಕ ಧೈರ್ಯ ಬರಲಿಲ್ಲ."

ಪೆಟ್ರೋಲಿನಿಂದ ಒರೆಸಿ ಹೊಸ ತೇಪೆ ಹಚ್ಚಿ ನೋಡಿದೆ. ಗಾಳಿ ತುಂಬುತ್ತಲೇ ಅಂಚು ಎದ್ದಿತು. ಎಣ್ಣೆ ಒಳಗೆ ಇಳಿದಮೇಲೆ ಯಾವ ಅಂಟೂ ಹಿಡಿಯುವುದಿಲ್ಲ. ಅಷ್ಟರಲ್ಲಿ ಹೊತ್ತು ನೆತ್ತಿಗೇರಿತ್ತು. ಮುತ್ಯಾ ಬೇವಿನ ಬೇರಿನ ಮೇಲೆ ಕುಕ್ಕರಿಸಿ, ತಲೆಯ ರುಮಾಲು ಬಿಚ್ಚಿ ಮುಖಕ್ಕೆ ಒತ್ತಿಕೊಂಡ. "ನನ್ನ ಕೈಯಾರೆ ನನ್ನವ್ವನ ಅನ್ನಾ ಕಳದೆ," ಎಂದ. ಅಕ್ಕನನ್ನು ಅವನು ಕರೆಯುತ್ತಿದ್ದುದೇ ಹಾಗೆ.

ಅಕ್ಕ ಅವನ ಎದುರು ಧೂಳಿನಲ್ಲೇ ಕೂತಳು. "ಮುತ್ಯಾ, ಇವತ್ತ ಬೆಳಿಗ್ಗೆ ಅವ್ವ ನನ್ನ ತಲಿಗೆ ಎಣ್ಣಿ ಹಚ್ಚಿ ಎರದಾಳ. ನೀ ಗಾಲಿಗೆ ಹಚ್ಚೀದಿ. ಇಬ್ಬರೂ ಹಚ್ಚಿದ್ದು ನಾ ಸುಖರೂಪ ಮುಟ್ಟಲಿ ಅಂತ. ಏಳು, ಪಂಪು ಹಿಡಿ." ಆಮೇಲೆ ನನ್ನ ಕಡೆ ತಿರುಗಿದಳು. "ತಮ್ಮಾ, ಮೊಳಿ ಚುಚ್ಚಿದ ಟ್ಯೂಬಿಗೇ ತೇಪಿ ಹಾಕು. ಏನು ಬೇಕು ಹೇಳು."

ಮೊದಲು ಬೇಕಾದದ್ದು ಸಾಬೂನು. ಎಣ್ಣೆಗೈಯಲ್ಲಿ ಮುಟ್ಟಿದರೆ ಒಳ್ಳೆಯ ಟ್ಯೂಬೂ ಕೆಡುತ್ತದೆ. ಚಹದಂಗಡಿಯವನು ನೀರೂ ಸಾಬೂನೂ ಕೊಟ್ಟ. ಅಗಲ ತಟ್ಟೆಯಂಥ ಒಂದು ಪರಾತದ ತುಂಬ ನೀರನ್ನು ಬೇರೆ ತಂದಿಟ್ಟ. ಟ್ಯೂಬಿಗೆ ತುಸು ಗಾಳಿ ತುಂಬಿ ನೀರಿನಲ್ಲಿ ಮುಳುಗಿಸಿದೆ. ಗುಳ್ಳೆ ಎದ್ದಲ್ಲಿ ಗುರುತು ಮಾಡಿದೆ. ಒಂದು ತೂತು ಕಂಡಿತೆಂದು ಅಲ್ಲಿಗೇ ನಿಲ್ಲಬಾರದು. ಪೂರ್ತಿ ಸುತ್ತು ತಿರುಗಿಸಿದಾಗ ಎದುರು ಮಗ್ಗುಲಲ್ಲೂ ಗುಳ್ಳೆ ಬಂತು. ಮೊಳೆ ಆರಪಾರ ಹೋಗಿತ್ತು. ತೂತಿನ ಸುತ್ತ ಉಜ್ಜಿ ಒರಟು ಮಾಡಲು ನಾಲಬಂದ ತನ್ನ ಅರ ಕೊಟ್ಟ.

"ಇದು ಗೊರಸು ತಿಕ್ಕೂದು, ಮೆಲ್ಲಕ ತಿಕ್ಕರಿ. ಇಲ್ಲಾಂದ್ರ ಇನ್ನೊಂದು ಬಾಗಿಲ ತಗದೀರಿ!"

ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ತೇಪೆಯ ಅಂಟು, ಅಂದರೆ ಸಲ್ಯೂಷನ್, ತೆಳ್ಳಗೆ ಸವರಿದೆ. ಇಲ್ಲಿಯೇ ಎಲ್ಲರೂ ಎಡವುವುದು. ಹಸಿ ಸಲ್ಯೂಷನ್ನಿನ ಮೇಲೆ ತೇಪೆ ಒತ್ತಿದರೆ ಅದು ಜಾರುತ್ತದೆ. ಮಿಂಚು ಹೋಗಿ ಮಂಕಾಗುವ ತನಕ, ಬೆರಳಿಗೆ ಹತ್ತದಂತಾಗುವ ತನಕ ಕಾಯಬೇಕು. ಸಂತೆಯ ಧೂಳು ಬೀಳದಂತೆ ಟ್ಯೂಬಿನ ಮೇಲೆ ಕೊಡೆ ಹಿಡಿದು ನಿಂತವಳು ಅಕ್ಕ. ನಾನು ಮಾತ್ರ ಮತ್ತೆ ಮತ್ತೆ ಮುಂಗೈ ನೋಡಿಕೊಳ್ಳುತ್ತಿದ್ದೆ.

"ಗಡಿಯಾರ ನೋಡಬ್ಯಾಡ," ಎಂದಳು ಅಕ್ಕ. "ಸಲ್ಯೂಷನ್ ನೋಡು."

ಹೋಗುತ್ತಿದ್ದುದು ಅವಳ ನೌಕರಿ. ಮಗಳನ್ನು ಸ್ವಂತ ಗಳಿಕೆಯಲ್ಲಿ ಬೆಳೆಸುವ ಏಕೈಕ ದಾರಿ. ಆದರೂ ಕೊಡೆ ಅಲುಗಲಿಲ್ಲ. ನಾನೂ ತಲೆ ತಗ್ಗಿಸಿ ಸಲ್ಯೂಷನ್ನನ್ನೇ ನೋಡಿದೆ. ಮಂಕಾಯಿತು. ನಡುವಿನಿಂದ ಅಂಚಿಗೆ ಒತ್ತುತ್ತ ಎರಡೂ ತೇಪೆ ಕೂಡಿಸಿದೆ. ನಾಲಬಂದ ತನ್ನ ಅಡಿಗಲ್ಲಿನ ಮೇಲೆ ಬಟ್ಟೆ ಹಾಸಿ, ಸುತ್ತಿಗೆಯ ಹಿಡಿಯಿಂದ ಅವುಗಳ ಮೇಲೆ ತಟ್ಟಿದ. ಎತ್ತಿಗೂ ಅಷ್ಟು ನಯವಾಗಿ ತಟ್ಟಿರಲಿಕ್ಕಿಲ್ಲ.

"ಇನ್ನ ಪುಡಿ ಬೇಕು," ಎಂದೆ. ಒಣಪುಡಿ ಸವರದಿದ್ದರೆ ಟ್ಯೂಬು ಟೈರಿಗೆ ಅಂಟಿ ಸೆಳೆದು ಹರಿಯುತ್ತದೆ. ಗುಂಪಿನಲ್ಲೊಬ್ಬರು ರಂಗೋಲಿ ಪುಡಿ ತರಲೇ ಎಂದರು. ಬೇಡವೆಂದೆ, ಅದರಲ್ಲಿ ಹರಳಿರುತ್ತದೆ, ಟ್ಯೂಬು ತೇಯುತ್ತದೆ. ಅಕ್ಕ ಸುಮ್ಮನೆ ಟ್ರಂಕು ತೆಗೆದು, ಸೀರೆಗಳ ಅಡಿಯಿಂದ ಪೌಡರಿನ ಡಬ್ಬಿ ತಂದು ನನ್ನ ಕೈಗಿತ್ತಳು. ಹೊಸದು, ಬಾಯಿಯನ್ನೂ ಒಡೆದಿರಲಿಲ್ಲ.

"ಅಕ್ಕಾ, ಇದು ನಿನಗ ಎಲ್ಲಿಂದ..."

"ಹೊಸಾ ಸಾಲಿ, ಬೆವರ ನಾತ ಬರಬಾರದು ಅಂತ ತರಿಸಿದ್ದೆ. ಅವ್ವಗ ಹೇಳಿದಿ ಅಂದ್ರ ನೋಡು." ವಿಧವೆ ಪೌಡರು ಇಟ್ಟುಕೊಳ್ಳುವುದು ಆ ಕಾಲದಲ್ಲಿ ಸಣ್ಣ ಮಾತಾಗಿರಲಿಲ್ಲ. ನಾನು ಅವ್ವನಿಗೆ ಎಂದೂ ಹೇಳಲಿಲ್ಲ.

ಟ್ಯೂಬು ಒಳಸೇರಿಸುವ ಮೊದಲು ಟೈರಿನ ಒಳಗೆ ಬಟ್ಟೆ ಸುತ್ತಿದ ಕೈಯನ್ನು ಸುತ್ತಲೂ ಆಡಿಸಿದೆ. ಈ ಕೆಲಸ ಬಿಟ್ಟವರು ಅದೇ ಮೊಳೆಯ ಚೂರಿಗೆ ಎರಡನೆಯ ಸಲ ಪಂಕ್ಚರ್ ಆಗುತ್ತಾರೆ. ಒಳಗೆ ಏನೂ ಉಳಿದಿರಲಿಲ್ಲ. ಅಕ್ಕನೂ ಬರಿಗೈಯಲ್ಲಿ ಅಂಚು ಒತ್ತಿಹಿಡಿದ ಮೇಲೆ ಟೈರು ಕೂತಿತು. ನಂತರ ಪಂಪು. ಮುತ್ಯಾ ಶುರುಮಾಡಿದ, ಅವನಿಗೆ ಏದುಸಿರು ಬಂದಾಗ ನಾಲಬಂದ ಹಿಡಿದ, ಆಮೇಲೆ ಸಂತೆಗೆ ಸಂತೆಯೇ ಸಾಲಾಯಿತು.

"ನನಗೂ ನಾಕು ಹೊಡಿಲಾಕ ಕೊಡ್ರಿ!"

"ಏ, ಉಳ್ಳಾಗಡ್ಡಿ ಮಾರೂದು ಬಿಟ್ಟು ನೀ ಯಾಕ ಬಂದಿ?"

"ಅಕ್ಕೋರ ಸಾಲ್ಯಾಗ, ಅಲ್ಲೇ ಕೊಟ್ಟ ನನ್ನ ಮಗಳ ಮಗಳು ಕಲೀತಾಳೋ, ಮಾರಾಯಾ. ನಂದೂ ಒಂದಿಷ್ಟು ಗಾಳಿ ಇರಲಿ."

ಎಲ್ಲರ ಉಸಿರೂ ಸೇರಿ ಗಾಲಿ ಗಟ್ಟಿಯಾಯಿತು. ವಾಲ್ವಿನ ಬಾಯಿಗೆ ಎಂಜಲು ಹಚ್ಚಿ ನೋಡಿದೆ, ಗುಳ್ಳೆಯಿಲ್ಲ; ಟೋಪಿ ಬಿಗಿದೆ. ಮುಳ್ಳು ಚುಚ್ಚಿದ ಗಾಲಿಗೂ ತೇಪೆ ಹಾಕುತ್ತ ಕೂತರೆ ಹೊತ್ತು ಮೀರುತ್ತಿತ್ತು. ಅದನ್ನು ಹಾಗೆಯೇ ಡಿಕ್ಕಿಗೆ ಹಾಕಿದೆವು. ಇನ್ನು ಮುಂದೆ ಸ್ಟೆಪ್ನಿಯಿಲ್ಲದ ಪ್ರಯಾಣ. ನಾಲಬಂದ ಏನನ್ನೂ ತೆಗೆದುಕೊಳ್ಳಲು ಒಪ್ಪಲಿಲ್ಲ. "ಮೊಳಿ ನಂದು ನನಗ ಕೊಟ್ಟು ಹೋಗ್ರಿ, ಸಾಕು," ಎಂದು ಕೈಚಾಚಿ ಮೊಳೆ ಇಸಿದುಕೊಂಡು ಎತ್ತಿನ ಕಡೆ ನಡೆದ. ಆ ಮನುಷ್ಯನನ್ನು ಮತ್ತೆ ನೋಡುವ ಯೋಗ ಬರಲಿಲ್ಲ. ಆದರೆ ಪ್ರತಿಸಲ ಪಾನಾ ಹಿಡಿದಾಗ ಅವನಿಗೊಂದು ನಮಸ್ಕಾರ ಮನಸ್ಸಿನಲ್ಲೇ ಸಲ್ಲುತ್ತದೆ.

ಒಂದೂವರೆ ದಾಟಿತ್ತು. ಜೋರಾಗಿ ಓಡಿಸುವ ಮನಸ್ಸಾಯಿತು, ಓಡಿಸಲಿಲ್ಲ. ಹೊಸ ತೇಪೆ, ಸುಡುವ ನೆಲ, ಸ್ಟೆಪ್ನಿಯಿಲ್ಲ. ಹದವಾದ ಒಂದೇ ವೇಗ ಹಿಡಿದು, ಕಲ್ಲುಗಳನ್ನು ತಪ್ಪಿಸಿ, ಮುಳ್ಳಿನ ಚಕ್ಕಡಿ ಕಂಡಲ್ಲಿ ಮುತ್ಯಾನನ್ನು ಇಳಿಸಿ ಮುಂದೆ ನಡೆಸಿದೆ. ಅವನು ರುಮಾಲಿನಿಂದ ದಾರಿಯ ಮುಳ್ಳು ಗುಡಿಸುತ್ತ ಹೋಗುತ್ತಿದ್ದ. ಇಂಗಳೇಶ್ವರದ ದಾರಿ ಕವಲೊಡೆಯುವಲ್ಲಿ ನಿಲ್ಲಿಸಿ ನಟ್ಟುಗಳನ್ನು ಇನ್ನೊಮ್ಮೆ ಬಿಗಿದೆ. ಗಾಲಿ ಬದಲಿಸಿದ ಮೇಲೆ ಕೆಲವು ಮೈಲಿಗೆ ಅವು ಸಡಿಲಾಗುವುದು ಸಹಜ.

ಬಸವನ ಬಾಗೇವಾಡಿಯಲ್ಲಿ ಇಂಜಿನ್ನಿಗೆ ನೀರು ಕುಡಿಸುವಾಗ ಕಿರಾಣಿ ಅಂಗಡಿಯವರು ಗಾಲಿ ಮುಟ್ಟಿ ಹೌಹಾರಿದರು. "ಕಾದು ಹಂಚಾಗ್ಯಾವಲ್ರಿ! ಒಂದಿಷ್ಟು ಗಾಳಿ ಬಿಡ್ರಿ, ಇಲ್ಲಾಂದ್ರ ಸಿಡೀತಾವು."

ಅಕ್ಕನ ಕಣ್ಣು ನನ್ನ ಮೇಲಿತ್ತು. ನಾನು ಗಾಳಿ ಬಿಡಲಿಲ್ಲ. ಓಡಿದ ಟೈರು ಬಿಸಿಯಾಗುತ್ತದೆ, ಒಳಗಿನ ಗಾಳಿ ಹಿಗ್ಗುತ್ತದೆ. ಅದು ಲೆಕ್ಕದಲ್ಲಿರುವ ಸಂಗತಿಯೇ. ಬಿಸಿಯಲ್ಲಿ ಗಾಳಿ ಬಿಟ್ಟರೆ ಟೈರು ಮೆತ್ತಗಾಗಿ, ಇನ್ನಷ್ಟು ಬಾಗಿ, ಇನ್ನಷ್ಟು ಕಾಯುತ್ತದೆ. ಅವರಿಗೆ ಕೈಮುಗಿದು, ಗಾಡಿಯನ್ನು ನೆರಳಿಗೆ ಸರಿಸಿ, ಎಲ್ಲರೂ ನೀರು ಕುಡಿಯುವಷ್ಟು ಹೊತ್ತು ತಣಿಸಿ ಹೊರಟೆ. ಆ ಮೇಲಿನ ದಾರಿಯುದ್ದಕ್ಕೂ ಮೂವರ ಕಿವಿಯೂ ಗಾಲಿಯ ಮೇಲಿತ್ತು.

ಮುದ್ದೇಬಿಹಾಳದ ಶಾಲೆಯ ಮುಂದೆ ಗಾಡಿ ನಿಂತಾಗ ಹುಡುಗಿಯರು ಮನೆಗೆ ಹೋಗಿದ್ದರು. ಶಾಲೆಯ ಸಿಪಾಯಿ ಕಿಟಕಿಗಳನ್ನು ಮುಚ್ಚುತ್ತಿದ್ದ. ಅಕ್ಕ ಓಡಲಿಲ್ಲ, ಸೆರಗು ಹೊದ್ದು, ನೆಟ್ಟಗೆ ನಡೆದು ಒಳಗೆ ಹೋದಳು. ನಾನು ಬಾಗಿಲಲ್ಲಿ ನಿಂತೆ. ಗೋಡೆಯ ಗಡಿಯಾರದಲ್ಲಿ ಐದಕ್ಕೆ ಇನ್ನೂ ಸ್ವಲ್ಪ ಬಾಕಿಯಿತ್ತು.

ಮುಖ್ಯಾಧ್ಯಾಪಿಕೆ ಆದೇಶವನ್ನು ಓದಿದರು, ಅವಳ ಕಪ್ಪಾದ ಬೆರಳುಗಳನ್ನು ನೋಡಿದರು. "ಏನಿದು?"

"ಪಂಕ್ಚರ್ ಆಗಿತ್ತರಿ."

"ನೀವ ತಗದ್ರೇನು?"

"ಹಿಪ್ಪರಗಿ ಸಂತಿ ಪೂರಾ ತಗೀತರಿ. ನಾ ಕೊಡಿ ಹಿಡದಿದ್ದೆ."

ಅವರು ನಕ್ಕು ಲೇಖನಿ ಮುಂದೆ ಸರಿಸಿದರು. "ಬರ್ರಿ, ಸಹಿ ಮಾಡ್ರಿ. ನಾಳೆಯಿಂದ ಮೂರನೇ ಇಯತ್ತೆ ಹುಡುಗ್ಯಾರು ನಿಮ್ಮವರು."

ಅಕ್ಕ ಆ ಶಾಲೆಯಲ್ಲಿಯೇ ನೌಕರಿ ಮಾಡಿ ನಿವೃತ್ತಳಾದಳು. ಮಗಳನ್ನು ಅಲ್ಲಿಗೇ ಕರೆಸಿಕೊಂಡು ಬೆಳೆಸಿ, ಓದಿಸಿ, ಮದುವೆ ಮಾಡಿದಳು. ಅದಕ್ಕೆ ಕಾರಣ ಅವಳ ಗಟ್ಟಿತನ. ಆದರೆ ಆ ದಿನ ಅವಳನ್ನು ಅಲ್ಲಿಗೆ ಮುಟ್ಟಿಸಿದ ಕೈಗಳನ್ನು ಎಣಿಸಲು ಹೋದರೆ ನನಗೆ ಲೆಕ್ಕ ತಪ್ಪುತ್ತದೆ. ಅವರಲ್ಲಿ ಹೆಚ್ಚಿನವರ ಹೆಸರು ಕೇಳುವಷ್ಟು ಹೊತ್ತೂ ನಮಗೆ ಇರಲಿಲ್ಲ.

ಶಾಲೆಯ ಹಿಂದಿನ ಓಣಿಯಲ್ಲಿ ಇನ್ನೊಬ್ಬ ಶಿಕ್ಷಕಿಯ ಮನೆಯ ಒಂದು ಕೋಣೆ ಅಕ್ಕನಿಗೆ ಬಾಡಿಗೆಗೆ ಸಿಕ್ಕಿತು. ಟ್ರಂಕು ಇಳಿಸಿದೆವು. ಮರುದಿನ ನಾನು ಹಿಂದಿರುಗಬೇಕು, ಮುಳ್ಳಿನ ಗಾಲಿ ಹಾಗೇ ಇತ್ತು. ಬೆಳಕು ಇರುವಾಗಲೇ ಮುಗಿಸೋಣವೆಂದು ಅಂಗಳದಲ್ಲಿ ಕೂತೆ. ಮುತ್ಯಾ ಸಾಬೂನಿನಿಂದ ಮೊಳಕೈತನಕ ಕೈ ತೊಳೆದುಕೊಂಡು ಬಂದು ಎದುರು ಕೂತ.

"ಈ ಸಲ ನಾ ಹಚ್ಚತೇನಿ. ನೀವು ಬರೇ ನೋಡ್ರಿ."

ಅವನೇ ಟೈರಿನೊಳಗೆ ಕೈಯಾಡಿಸಿ ಜಾಲಿಮುಳ್ಳನ್ನು ತೆಗೆದ. ಅವನೇ ಉಜ್ಜಿದ, ಒರೆಸಿದ, ಸಲ್ಯೂಷನ್ ಸವರಿದ. ಒಣಗುವ ತನಕ ಉಸಿರು ಬಿಗಿಹಿಡಿದು ಕೂತ. ತೇಪೆ ಒತ್ತಿದ. ಅಕ್ಕ ಪರಾತದಲ್ಲಿ ನೀರು ತಂದಿಟ್ಟಳು. ಟ್ಯೂಬು ಮುಳುಗಿತು, ನೀರು ಅಲುಗಲಿಲ್ಲ. ಪೌಡರು ಸವರಿ, ಒಳಸೇರಿಸಿ, ಸರದಿಯಲ್ಲಿ ಪಂಪು ಹೊಡೆದೆವು. ಗಾಲಿಯನ್ನು ಸ್ಟೆಪ್ನಿಯ ಜಾಗದಲ್ಲಿ ಕೂಡಿಸಿ, ಜಾಕ್ ಒರೆಸಿ, ಪಾನಾಗಳನ್ನು ಬಟ್ಟೆಯಲ್ಲಿ ಸುತ್ತಿಟ್ಟು, ಡಿಕ್ಕಿ ಮುಚ್ಚಿ ಬೀಗ ಹಾಕಿದೆ.